ಕುದಿಗೆ ನಿಲ್ಲುವ ಬಟ್ಟೆ

ಓಬಳಯ್ಯ ಜಗಲಿಯ ಮೇಲೆ ಕೂತು ಗಂಟು ಬಿಚ್ಚಿ, ಬಿಳಿ ಕೋಟುಗಳನ್ನು ಒಂದೊಂದಾಗಿ ತೊಡೆಯ ಮೇಲೆ ಹಾಕಿಕೊಳ್ಳುತ್ತಿದ್ದ. ಆರಕ್ಕೆ ಗಂಟು ಮುಗಿಯಿತು. ಮಡಿಕೆಯಲ್ಲಿ ಇನ್ನೆರಡು ಅಡಗಿರಬಹುದೇನೋ ಎಂಬಂತೆ ಗಂಟಿನ ಬಟ್ಟೆಯನ್ನೂ ಕೊಡವಿ ನೋಡಿದ.

"ಎಂಟು ಕೊಟ್ಟಿದ್ದೆ ಕಣಮ್ಮ," ಎಂದ ಬಾಗಿಲ ಪರದೆಯ ಕಡೆ ತಿರುಗಿ, ದನಿ ತಗ್ಗಿಸಿ. "ಹೆರಿಗೆ ಕೋಣೆ ಕೋಟು ಎಲ್ಡು ಇಲ್ವಲ್ಲ."

ಪರದೆಯ ಹಿಂದೆ ಗೌಹರ್ ನಿಂತಿದ್ದಳು. ಅವಳ ಬೆನ್ನ ಹಿಂದೆ ಚಾಪೆಯ ಮೇಲೆ ಅವಳ ತಂದೆ ಇನಾಯತುಲ್ಲಾ ಮಲಗಿದ್ದರು. ಬೆಳಗಿನ ನಮಾಜಿಗೆಂದು ಎದ್ದವರು ಮುಖ ತೊಳೆಯಲು ಬಗ್ಗಿ, ಮತ್ತೆ ಎದ್ದಿರಲಿಲ್ಲ. ಶಿರಾದಲ್ಲಿ ಹರಿದ ಬಟ್ಟೆಗೆ ಗುರುತು ಸಿಗದಂತೆ ರಫೂ ಹಾಕುವ ಕೈ ಅದೊಂದೇ ಎಂದು ಊರು ನಂಬಿತ್ತು. ಆ ಕೈಗೆ ಸೂಜಿಯ ಕಣ್ಣು ಸಿಗದೆ ನಾಲ್ಕು ವರ್ಷವಾಗಿತ್ತೆಂಬುದು, ಅಷ್ಟೂ ದಿನ ಸೂಜಿ ಹಿಡಿದವಳು ಮಗಳೆಂಬುದು ಊರಿಗೆ ಗೊತ್ತಿರಲಿಲ್ಲ.

"ನಾನೇನು ಇವತ್ತು ಬೇಕಂತ ಬಂದ್ನಾ?" ಓಬಳಯ್ಯ ಮುಂದುವರಿಸಿದ. ಅವನು ಗಂಗಹನುಮಯ್ಯನವರ ಹೆರಿಗೆ ಆಸ್ಪತ್ರೆಯ ಜವಾನ. "ಸಾಬ್ರು ಹೋಗ್ಬುಟ್ರು ಅಂತ ಮ್ಯಾನೇಜರ್ ಸಂಜೀವಯ್ಯನೋರಿಗೆ ಹೇಳ್ದೆ. ಅಯ್ಯೋ ಪಾಪ ಅಂದ್ರು. ಕೋಟು ಆಗಿದ್ವಾ ಅಂದ್ರು. ಎಲ್ಡೂ ಒಂದೇ ಉಸ್ರಿನಾಗೆ."

"ನಾಳೆ ತಂದುಕೊಟ್ಟರೆ ಆಗಲ್ವಾ?"

"ನಾಳೆ ಬೆಳಗ್ಗೆ ತುಮಕೂರಿಂದ ದೊಡ್ಡ ಡಾಕ್ಟ್ರು ತಪಾಸಣೆಗೆ ಬತ್ತಾರೆ. ಸಂಜೆಯೊಳಗೆ ಎಂಟೂ ಬಂದ್ರೆ ಕೆಲ್ಸ ಇದೇ ಮನೇಲಿ ಇರ್ಲಿ, ಇಲ್ದಿದ್ರೆ ಬಸ್‌ಸ್ಟ್ಯಾಂಡ್ ಹತ್ರ ಹೊಸ ಮಿಷನ್ ಇಟ್ಟವನಲ್ಲ, ಅವನಿಗೆ ಅಂದ್ರು." ಓಬಳಯ್ಯ ಆರು ಕೋಟುಗಳನ್ನು ಮತ್ತೆ ಮಡಚತೊಡಗಿದ. "ನಾನ್ ಇಲ್ಲೇ ಕುಂತಿರ್ತೀನಿ. ಮಣ್ಣಿಗೂ ಬಂದಂಗಾಯ್ತು."

ಮಾತೆಲ್ಲವನ್ನೂ ಅಂಗಳದಿಂದ ಕೇಳಿಸಿಕೊಂಡ ಹುಸೇನ್ ಸಾಬ್ ಒಳಗೆ ಬಂದರು. ಇನಾಯತುಲ್ಲಾರ ತಮ್ಮ; ಲಾಟೀನು, ಲಾಟೀನಿನ ಗಾಜು, ಬತ್ತಿ ಮಾರುವ ಅಂಗಡಿ ಅವರದು. ದುಃಖ ಅವರಿಗೂ ಇತ್ತು. ಆದರೆ ಐದು ಹೆಣ್ಣುಮಕ್ಕಳ ತಂದೆಯ ದುಃಖಕ್ಕೆ ಬಿಡುವು ಕಡಿಮೆ.

"ಆ ಎರಡು ಎಲ್ಲಿ, ಬೇಟಿ?"

"ಅಬ್ಬಾ ಪಕ್ಕಕ್ಕೆ ಇಟ್ಟಿದ್ದಾರೆ. ನಿನ್ನೆ ಬೆರಳಾಡಿಸಿ ನೋಡಿ, ನಾಳೆ ನೋಡೋಣ ಅಂದರು."

"ಆಗಲ್ಲ ಅಂದರಾ?"

"ಅನ್ನಲಿಲ್ಲ."

"ಮತ್ತಿನ್ನೇನು? ಅಂಗಳದಲ್ಲಿ ಸ್ನಾನಕ್ಕೆ ನೀರು ಕಾಯ್ತಾ ಇದೆ. ಮಯ್ಯತ್ ಎತ್ತೋದು ಮಧ್ಯಾಹ್ನದ ನಮಾಜ್ ಆದಮೇಲೆ. ಹಿಂದಿನ ಕೋಣೆಗೆ ಹೋಗಿ ಕೂತುಕೋ." ಅವರು ಸುತ್ತ ನೋಡಿ ದನಿಯನ್ನು ಇನ್ನೂ ತಗ್ಗಿಸಿದರು. "ನಿನ್ನ ಕೈ ಅಂತ ಇಷ್ಟು ದಿನ ಯಾರಿಗೂ ಗೊತ್ತಾಗಲಿಲ್ಲ. ಇವತ್ತೂ ಗೊತ್ತಾಗಲ್ಲ, ಅಣ್ಣನೇ ಮುಗಿಸಿಟ್ಟಿದ್ದರು ಅಂದುಕೊಳ್ತಾರೆ; ಮುಂದಿನದು ನನ್ನ ಹೆಸರಲ್ಲಿ ನಡೆಯುತ್ತೆ. ಗಂಡನ ಮನೆ ನಿನಗೆ ಇಲ್ಲ. ನಾಳೆಯಿಂದ ನಿನ್ನ ಅನ್ನ ಈ ಗಂಟಿನಿಂದ ಬರಬೇಕು, ಇಲ್ಲವೇ ನನ್ನ ಮನೆಯಿಂದ. ನನ್ನ ಮನೆ ನೀನು ನೋಡಿದ್ದೀಯ."

ಗೌಹರ್ ಹಿಂದಿನ ಕೋಣೆಗೆ ಹೋಗಿ ಎರಡರಲ್ಲೊಂದು ಕೋಟನ್ನು ಕಿಟಕಿಗೆ ಹಿಡಿದಳು. ಮೊಣಕೈಯ ಬಳಿ ಎಳೆ ಸವೆದು ಎದುರು ಮನೆಯ ಹೆಂಚು ಕಾಣುತ್ತಿತ್ತು. ಮುಂಗೈ ಅಂಚು ಜೂಲು ಬಿಟ್ಟಿತ್ತು. ರಫೂ ಹಾಕಲು ಬಾರದ ಬಟ್ಟೆಯಲ್ಲ. ಒಂದು ಗಂಟೆ ಕೂತರೆ ಹಾಕಿದವಳೇ ಹುಡುಕಬೇಕಾಗುವಂತೆ ಹಾಕಬಲ್ಲಳು. ಕಷ್ಟವಿದ್ದದ್ದು ಅಲ್ಲೇ.

ಸೂಜಿಗೆ ದಾರ ಪೋಣಿಸಿದಳು.

*

ಆಸ್ಪತ್ರೆಯ ಏರ್ಪಾಡು ವಿಚಿತ್ರವಾಗಿತ್ತು. ದರ್ಜಿ 'ಇನ್ನು ಆಗಲ್ಲ' ಎಂದರೆ ಮಾತ್ರ ಹೊಸ ಕೋಟು. ಕೋಟು ಸತ್ತಿದೆಯೆಂದು ಹೇಳುವ ಅಧಿಕಾರವನ್ನು, ಅದನ್ನು ಬದುಕಿಸಿ ಅನ್ನ ತಿನ್ನುವವನ ಕೈಗೇ ಕೊಟ್ಟಿದ್ದರು. ಹೀಗೆ ಮಾಡಿದರೆ ಹೊಸ ಕೋಟು ಹೊಲಿಸುವ ಪ್ರಸಂಗವೇ ಬಾರದೆಂದು ಸಂಜೀವಯ್ಯನವರ ಎಣಿಕೆ. ಐವತ್ತಮೂರನೇ ಇಸವಿಯವರೆಗೆ ಅದು ತಪ್ಪಲೂ ಇಲ್ಲ. ಇನಾಯತುಲ್ಲಾ ಯಾವ ಕೋಟಿಗೂ ಆಗಲ್ಲ ಎಂದವರಲ್ಲ. ಆಗಲ್ಲ ಎನ್ನುವುದು ಅವರಿಗೆ ಕಸುಬಿನ ಅವಮಾನ.

ಆ ವರ್ಷ ಗೌಹರಳ ಅಕ್ಕ ಶರ್ಫುನ್ನೀಸಾ ಪಾವಗಡದಿಂದ ಚೊಚ್ಚಲ ಹೆರಿಗೆಗೆ ಬಂದಳು. ಹೆರಿಗೆ ಸುಸೂತ್ರವಾಯಿತು. ಗಂಡು ಮಗು. ಮೂರನೆಯ ದಿನ ಅವಳಿಗೆ ಜ್ವರ ಬಂತು, ಎಂಟನೆಯ ದಿನ ಹೋದಳು. ಆ ತಿಂಗಳು ಅದೇ ಕೋಣೆಯಲ್ಲಿ ಇನ್ನಿಬ್ಬರು ಬಾಣಂತಿಯರು ಅದೇ ಜ್ವರದಲ್ಲಿ ಹೋದರು. ದೇವರು ಕೊಟ್ಟದ್ದು, ದೇವರೇ ತೆಗೆದುಕೊಂಡ ಎಂದು ಎಲ್ಲರೂ ಹೇಳಿದರು. ಇನಾಯತುಲ್ಲಾ ಕೂಡ ಹಾಗೇ ಹೇಳಿದರು.

ನಲವತ್ತನೆಯ ದಿನದ ಫಾತೆಹಾಕ್ಕೆ ಆಸ್ಪತ್ರೆಯ ಆಯಾ ನರಸಮ್ಮ ಬಂದಳು. ಶರ್ಫುವಿನ ತಲೆಯ ಬಳಿ ನಾಲ್ಕು ದಿನ ನಿದ್ದೆಗೆಟ್ಟು ಕೂತವಳು. ಒಂದಷ್ಟು ಅತ್ತು, ಕೊಟ್ಟ ಚಹಾ ಹಿಡಿದುಕೊಂಡು, ಮನೆಯ ಯಜಮಾನನಿಗೆ ಸಮಾಧಾನವಾಗುವಂಥದ್ದೇನಾದರೂ ಹೇಳಬೇಕೆಂದು ಹುಡುಕಿ ಹೇಳಿದಳು:

"ನಿಮ್ ಕೈಕೆಲ್ಸ ಅಂದ್ರೆ ಕೈಕೆಲ್ಸ ಸಾಬ್ರೇ. ಹೆರಿಗೆ ಕೋಣೆ ಕೋಟು ಐತಲ್ಲ, ಅದನ್ನ ನಾನು ಕುದಿಯೋ ನೀರಿಗೇ ಹಾಕ್ದೋಳಲ್ಲ. ಅಂಥಾ ಹೊಲ್ಗೆ ಎಲ್ಲಿ ಕಿತ್ಕೊಂಡ್ ಹೋಯ್ತದೋ ಅಂತ ಮನ್ಸು ಬರಾಕಿಲ್ಲ. ತಣ್ಣೀರ್ನಾಗೆ ಅದ್ದಿ ನೆಳ್ಳಾಗೆ ಒಣಗಾಕ್ತೀನಿ, ಮಗೂನ ನೋಡ್ಕಂಡಂಗೆ."

ಬಾಗಿಲ ಹಿಂದೆ ಬಟ್ಟಲು ತೊಳೆಯುತ್ತಿದ್ದ ಗೌಹರ್ ತಂದೆಯ ಕಡೆ ನೋಡಿದಳು. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಎಡಗೈ ಮಾತ್ರ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿತು, ಎಲ್ಲವೂ ಇವೆಯೇ ಎಂಬಂತೆ.

"ಚಹಾ ಆರುತ್ತೆ ನರಸಮ್ಮ," ಎಂದರು. "ಕುಡೀರಿ."

ಮರುದಿನ ಬಜಾರಿಗೆ ಹೋಗಿ ಮಗು ಕೂರಬಹುದಾದಷ್ಟು ದೊಡ್ಡ ಅಲ್ಯುಮಿನಿಯಂ ಪಾತ್ರೆ ತಂದರು. ಅಂದಿನಿಂದ ಆಸ್ಪತ್ರೆಯ ಕೋಟು ಬಂದರೆ ಮೊದಲು ರಫೂ, ಆಮೇಲೆ ಸೋಡಾ ಹಾಕಿದ ನೀರಿನಲ್ಲಿ ಅರ್ಧ ಗಂಟೆ ಕುದಿ. ನಿಂತದ್ದು ಆಸ್ಪತ್ರೆಗೆ ವಾಪಸ್ಸು. ನಿಲ್ಲದ್ದನ್ನು ತಾವೇ ಹಿಡಿದುಕೊಂಡು ಹೋಗಿ ಸಂಜೀವಯ್ಯನವರ ಮೇಜಿನ ಮೇಲಿಟ್ಟು 'ಆಗಲ್ಲ' ಎನ್ನುವರು. ಮೊದಲ ಸಲವೇ ಐದು ಕೋಟು ಆಗಲ್ಲ ಎಂದಾಗ ಸಂಜೀವಯ್ಯನವರು, ಸಾಬರಿಗೆ ಮಗಳು ಹೋದಮೇಲೆ ಕೈ ಸೋತಿದೆ ಎಂದು ತೀರ್ಮಾನಿಸಿ ಕನಿಕರಪಟ್ಟರು. ಕಾರಣ ಕೇಳಿದವರಿಗೆ ಇನಾಯತುಲ್ಲಾ ಹೇಳುತ್ತಿದ್ದದ್ದು ಒಂದೇ: "ಬಟ್ಟೆಗೆ ವಯಸ್ಸಾಯ್ತು." ಮಗಳಿಗೂ ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಅವಳು ಕೇಳಲೂ ಇಲ್ಲ. ಒಂಬತ್ತು ವರ್ಷ ಒಂದೇ ಪಾತ್ರೆಯ ಆಚೆ ಈಚೆ ಕೂತು ಇಬ್ಬರೂ ಬೇರೆಲ್ಲ ಮಾತನ್ನೂ ಆಡಿದರು.

*

ನೆತ್ತಿಗೆ ಬಿಸಿಲು ಬರುವ ಹೊತ್ತಿಗೆ ಮೊದಲ ಕೋಟಿನ ಮೊಣಕೈ ಮುಗಿದಿತ್ತು. ಹುಸೇನ್ ಸಾಬ್ ಬಂದು ಕಿಟಕಿಗೆ ಹಿಡಿದು ನೋಡಿದರು. ಎಲ್ಲಿ ಹರಿದಿತ್ತೆಂದು ಅವರಿಗೆ ಸಿಗಲಿಲ್ಲ.

"ಇನ್ನೊಂದನ್ನೂ ಮುಗಿಸು. ನಾನು ಮಣ್ಣು ಮುಗಿಸಿಕೊಂಡು ಬರೋದರೊಳಗೆ ಓಬಳಯ್ಯನ ಕೈಲಿ ಕಳಿಸಿಬಿಡು," ಎಂದು ಹೊರಗೆ ಹೋದರು.

ಅಷ್ಟರಲ್ಲಿ ಸ್ನಾನ ಮುಗಿಸಿ ಕಫನ್ ಸುತ್ತಿದ್ದರು. ಊರಿನವರ ಹಳೆ ಬಟ್ಟೆ ಹಿಡಿದುಕೊಂಡೇ ಆಯುಸ್ಸು ಕಳೆದವರನ್ನು ಒಂದೂ ಹೊಲಿಗೆಯಿಲ್ಲದ ಹೊಸ ಬಟ್ಟೆಯಲ್ಲಿ ಮಲಗಿಸಿದ್ದರು. ಗೌಹರ್ ಮುಖ ನೋಡಿದಳು. ಗಂಡಸರು ಜನಾಜಾ ಎತ್ತಿದರು. ಓಬಳಯ್ಯನೂ ಎದ್ದು ಓಣಿಯ ತುದಿಯವರೆಗೆ ಹೆಗಲು ಕೊಟ್ಟು, ಬೆವರು ಒರೆಸಿಕೊಂಡು ವಾಪಸ್ಸು ಬಂದು ಗಂಟಿನ ಪಕ್ಕ ಕೂತ.

ಮನೆಯಲ್ಲಿ ಹೆಂಗಸರು ಉಳಿದರು. ಪಕ್ಕದ ಮನೆಯ ಮುದುಕಿ ಖಾಜಾಬಿ ತಸ್ಬಿ ಮಣಿ ಎಣಿಸುತ್ತಿದ್ದಳು. ಅವಳ ಪಕ್ಕದಲ್ಲಿ, ಆಸ್ಪತ್ರೆಯ ಕೆಲಸ ಬಿಟ್ಟು ಎರಡು ವರ್ಷವಾಗಿದ್ದ ನರಸಮ್ಮ ಕಾಲು ನೀಡಿ ಕೂತಿದ್ದಳು.

"ಬಂಗಾರದಂಥಾ ಮನ್ಸ," ಎಂದಳು ಯಾರಿಗೆಂದಿಲ್ಲದೆ. "ನನ್ನ ಕಂಡ್ರೆ ಎಷ್ಟು ಮರ್ವಾದೆ ಅಂತೀಯ. ಶರ್ಫು ಹೋದಮ್ಯಾಕೆ ಇನ್ನೂ ಜಾಸ್ತಿನೇ ಆಯ್ತು."

ಗೌಹರ್ ಎರಡನೆಯ ಕೋಟನ್ನು ಕೈಗೆ ತೆಗೆದುಕೊಂಡು, ಸೂಜಿಯನ್ನು ಕೆಳಗಿಟ್ಟಳು. ಆಮೇಲೆ ಎರಡನ್ನೂ ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಬಂದು, ಅಲ್ಯುಮಿನಿಯಂ ಪಾತ್ರೆಗೆ ಹೊಸ ನೀರು ತುಂಬಿ ಒಲೆಗೆ ಏರಿಸಿದಳು.

"ಏನು ಮಾಡ್ತಿದ್ದೀಯ ಬೇಟಿ?" ಖಾಜಾಬಿಯ ತಸ್ಬಿ ನಿಂತಿತು. "ಸಾವಿನ ಮನೆ. ಮೂರು ದಿನ ಒಲೆ ಹಚ್ಚಬಾರದು."

"ಅಡುಗೆಗಲ್ಲ ಖಾಲಾ."

ಸೋಡಾ ಹಾಕಿದಳು. ನೀರು ಮರಳಿತು. ಎರಡು ಕೋಟನ್ನೂ ಒಳಗೆ ಬಿಟ್ಟು ಕೋಲಿನಿಂದ ಅದುಮಿದಳು. ನರಸಮ್ಮ ನೆಲಕ್ಕೆ ಕೈಯೂರಿ ಎದ್ದು ಬಂದಳು.

"ಅಯ್ಯೋ ಬುಡವ್ವ. ಈಗ ತಾನೆ ಹೊಲ್ದಿದ್ದಲ್ವಾ ಅದು? ಬೆಂದು ಹೋಯ್ತದೆ. ಅಂಥಾ ಹಳೇದನ್ನ ಯಾರಾನ ಕುದಿಸ್ತಾರಾ?"

ಗೌಹರ್ ಕೋಲು ತಿರುವುತ್ತಿದ್ದಳು. "ಅಬ್ಬಾ ಕುದಿಸ್ತಿದ್ದರು."

"ಯಾವಾಗ್ಲಿಂದ?"

ಗೌಹರ್ ತಲೆಯೆತ್ತಿ ನರಸಮ್ಮನ ಮುಖ ನೋಡಿದಳು.

"ಮೊದಲಿಂದ್ಲೂ," ಎಂದಳು.

"ನಂಗೆ ಗೊತ್ತೇ ಇರ್ಲಿಲ್ಲ."

"ನಿಮಗೆ ಅವರು ಹೇಳಿರಲಿಲ್ಲ."

ನರಸಮ್ಮ ಪಾತ್ರೆಯನ್ನು ನೋಡುತ್ತ ನಿಂತಳು. ಮುಂದಿನ ಪ್ರಶ್ನೆ ಅವಳ ಬಾಯಿಯವರೆಗೆ ಬಂದದ್ದು ಗೌಹರಳಿಗೆ ಕಂಡಿತು. ತುಟಿ ಅಲುಗಿತು. ಆದರೆ ಅವಳು ಕೇಳಲಿಲ್ಲ. ಬಗ್ಗಿ, ಒಲೆಯ ಹೊರಗೆ ಉಳಿದಿದ್ದ ಕಟ್ಟಿಗೆಯನ್ನು ಒಳಕ್ಕೆ ತಳ್ಳಿದಳು. ತಳ್ಳಿ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು, ಹೊಗೆ ಮುಖಕ್ಕೆ ಬಂದರೂ ಪಕ್ಕಕ್ಕೆ ಸರಿಯದೆ, ಅರ್ಧ ಗಂಟೆ ಉರಿ ನೋಡಿಕೊಂಡಳು.

ಗೌಹರ್ ಮೊದಲ ಕೋಟನ್ನು ಕೋಲಿನಿಂದ ಎತ್ತಿದಾಗ ತೋಳಷ್ಟೇ ಮೇಲೆ ಬಂತು. ಅದರ ಮೊಣಕೈಯಲ್ಲಿ ಅವಳು ಬೆಳಗ್ಗೆ ಹಾಕಿದ ರಫೂ ಒಂದು ಎಳೆಯೂ ಕದಲದೆ ಹಾಗೇ ಇತ್ತು. ಅದರ ಸುತ್ತಲಿದ್ದ ಬಟ್ಟೆ ಹೋಗಿತ್ತು. ಎರಡನೆಯದು ಇಡಿಯಾಗಿ ಬಂತು. ತಣ್ಣೀರಿಗದ್ದಿ ಹಿಂಡಲು ಹೋದಾಗ ಸದ್ದಿಲ್ಲದೆ ಎರಡಾಯಿತು.

ಎರಡನ್ನೂ ಜಗಲಿಗೆ ತಂದಳು. ಪರದೆ ಸರಿಸಿ ಹೊರಗೇ ಬಂದು ನಿಂತಳು.

ಓಬಳಯ್ಯ ನೋಡಿದ. "ಥೋ. ಇದೇನಮ್ಮ ಇದು? ನಾನ್ ಏನ್ ತಗಂಡ್ ಹೋಗ್ಲಿ?"

"ಇದನ್ನೇ ತಗೊಂಡು ಹೋಗು. ಸಂಜೀವಯ್ಯನವರ ಮೇಜಿನ ಮೇಲಿಡು. ಆರು ಆಗಿದೆ. ಇವೆರಡು ಆಗಲ್ಲ."

ಓಬಳಯ್ಯ ಒಳ್ಳೆಯವನು. ಸ್ವಲ್ಪ ಯೋಚಿಸಿ ದಾರಿ ಹುಡುಕಿದ. "ಒಂದ್ ಕೆಲ್ಸ ಮಾಡ್ತೀನಿ. ಸಾಬ್ರೇ ನೆನ್ನೆ ಆಗಲ್ಲ ಅಂದಿದ್ರು ಅಂದ್ಬುಡ್ತೀನಿ. ಅವ್ರ ಮಾತಂದ್ರೆ ಮ್ಯಾನೇಜರ್ರು ತೆಗೆದಾಕಲ್ಲ. ಅದ್ರಾಗೂ ಹೋದೋರ ಮಾತು. ಕೆಲ್ಸನೂ ಉಳೀತದೆ."

ಗೌಹರ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಒಂದು ಹೂಂ ಅಂದರೆ ಸಾಕಿತ್ತು.

"ಅವರು ಅನ್ನಲಿಲ್ಲ," ಎಂದಳು. "ನಾನು ಅಂದೆ. ಗೌಹರ್ ಆಗಲ್ಲ ಅಂದಳು ಅಂತ ಹೇಳು."

"ನೀನ್ಯಾರು ಹೇಳಾಕೆ ಅಂದ್ರೆ?"

"ಆ ಆರು ಕೋಟಿನಲ್ಲಿ ಎಲ್ಲೆಲ್ಲಿ ರಫೂ ಇದೆ, ಹುಡುಕಲಿ. ಸಿಗದೇ ಇದ್ದರೆ, ಅದನ್ನು ಹಾಕಿದವಳೇ ಇವಳು ಅನ್ನು. ನಾಲ್ಕು ವರ್ಷದಿಂದ."

ಓಬಳಯ್ಯ ಅವಳ ಕೈ ನೋಡಿದ. ಒಣಗಿದ ಆರರ ಗಂಟನ್ನು ಬೆನ್ನಿಗೆ ಹಾಕಿಕೊಂಡ. ಒದ್ದೆಯ ಎರಡು ಉಳಿದವು. ತನ್ನ ಖಾಕಿ ಅಂಗಿಗೆ ನೀರು ತಾಗಬಾರದೆಂದು ಅವನ್ನು ಒಂದರ ಮೇಲೊಂದಿಟ್ಟು ಉದ್ದಕ್ಕೆ ಸುತ್ತಿ, ಮುಂದಕ್ಕೆ ಚಾಚಿದ ಎರಡೂ ತೋಳುಗಳ ಮೇಲೆ ಮಲಗಿಸಿಕೊಂಡು ಮೆಟ್ಟಿಲಿಳಿದ.

ಅದೇ ಹೊತ್ತಿಗೆ ಓಣಿಯ ಆ ತುದಿಯಿಂದ ಗಂಡಸರು ಮಣ್ಣು ಮುಗಿಸಿ ಬರುತ್ತಿದ್ದರು. ಮುಂದೆ ಹುಸೇನ್ ಸಾಬ್, ಉಗುರುಗಳಲ್ಲಿ ಇನ್ನೂ ಕೆಂಪು ಮಣ್ಣು. ಎದುರಿಗೆ ಬರುತ್ತಿದ್ದ ಓಬಳಯ್ಯನ ಕೈ ಮೇಲೆ ಕೂಸಿನ ಕಫನಿನಂತೆ ಮಲಗಿದ್ದ ಬಿಳಿ ಬಟ್ಟೆ ಕಂಡು ಮುಂದಿನ ಇಬ್ಬರು ಗೋಡೆಯ ಪಕ್ಕಕ್ಕೆ ಸರಿದರು. ಒಬ್ಬ ಟೋಪಿ ಸರಿಮಾಡಿಕೊಂಡ. ಹಿಂದಿದ್ದವರು ಏನು, ಯಾರದು ಎಂದು ಕೇಳದೆ ತಾವೂ ಸರಿದು ತಲೆ ತಗ್ಗಿಸಿ ನಿಂತರು. ಹುಸೇನ್ ಸಾಬ್ ಮಾತ್ರ ಓಣಿಯ ನಡುವೆ ನಿಂತಿದ್ದರು; ಕೊನೆಗೆ ಅವರೂ ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟರು.

ಅಷ್ಟು ಜನ ನಿಂತದ್ದು ಕಂಡು ಓಬಳಯ್ಯನ ನಡಿಗೆ ತಾನಾಗಿಯೇ ನಿಧಾನವಾಯಿತು.