ಹೋಮ್ ತೆಗೆದು ಪ್ರೊ ಹಾಕಿದ್ದು

ಹೆಂಡತಿ ಬೇರೆ ಮನೆ ಮಾಡಿ ವರ್ಷ ಕಳೆದಿತ್ತು. ಆದರೂ ಕಂಪ್ಯೂಟರ್ ರಿಪೇರಿಯವನಿಗೆ ಆ ಮನೆಯ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಅವಳು ಪ್ರೆಸ್ಸುಗಳಿಗೆ ಪುಸ್ತಕದ ಪುಟ ಜೋಡಿಸಿಕೊಡುವವಳು. ಅವಳ ಕಂಪ್ಯೂಟರ್ ಆಗಾಗ ಕೈಕೊಡುತ್ತಿತ್ತು. ಒಮ್ಮೆ ಫಾಂಟ್ ಕಾಣೆಯಾದರೆ ಇನ್ನೊಮ್ಮೆ ಪ್ರಿಂಟರ್ ಮುನಿಸಿಕೊಳ್ಳುತ್ತಿತ್ತು. ಫೋನ್ ಬಂದದ್ದೇ ತಡ, ಇವನು ಅಂಗಡಿಗೆ ಬೀಗ ಜಡಿದು, ಚೀಲ ಹೆಗಲಿಗೇರಿಸಿ ಓಡುತ್ತಿದ್ದ. ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುವ ಕೆಲಸವನ್ನು ಮಧ್ಯಾಹ್ನವಿಡೀ ಎಳೆಯುತ್ತಿದ್ದ. ಮಗಳು ಪುಟ್ಟಿ ಅವನ ಕುರ್ಚಿಗೆ ಒರಗಿ ನಿಂತು ಶಾಲೆಯ ಪುರಾಣವನ್ನೆಲ್ಲ ಬಿಚ್ಚುತ್ತಿದ್ದಳು.

ಕಂಪ್ಯೂಟರ್ ನಡೆಸುವ ಮೂಲ ಸಾಫ್ಟ್‌ವೇರಿನಲ್ಲಿ ಅಗ್ಗದ ಹೋಮ್, ದುಬಾರಿ ಪ್ರೊ ಎಂದು ಎರಡು ಬಗೆ. ಅಂಗಡಿಗೆ ಬಂದವರಿಗೆಲ್ಲ ಪ್ರೊ ಹಾಕಿಸಿಕೊಳ್ಳಿ ಎಂದು ತಲೆ ತಿನ್ನುವ ಈ ಮಹಾಶಯ ಹೆಂಡತಿಯ ಕಂಪ್ಯೂಟರಿಗೆ ಮಾತ್ರ ಹೋಮ್ ಹಾಕಿದ್ದ. ನಿನಗೆ ಇಷ್ಟು ಸಾಕು ಎಂದಿದ್ದ. ನಿಜ ಸಂಗತಿ ಬೇರೆ. ಪ್ರೊ ಇರುವ ಕಂಪ್ಯೂಟರಿನೊಳಕ್ಕೆ ದೂರದಿಂದಲೇ ಹೊಕ್ಕು ರಿಪೇರಿ ಮಾಡಬಹುದು. ಹೋಮ್‌ನಲ್ಲಿ ಆ ಸೌಕರ್ಯವಿಲ್ಲ. ರಿಪೇರಿಯವನೇ ಖುದ್ದಾಗಿ ಬರಬೇಕು. ದೂರದಿಂದ ಒಳಹೊಗಲು ಬೇರೆ ಸಾಫ್ಟ್‌ವೇರ್‌ಗಳೂ ಇದ್ದವು, ಆದರೆ ಅವೆಲ್ಲ ಕಳ್ಳರಿಗೆ ದಾರಿ ಎಂದು ಅವಳನ್ನು ಮೊದಲೇ ಹೆದರಿಸಿಟ್ಟಿದ್ದ.

ಈ ಸಲ ಅವನು ಪ್ರಿಂಟರ್ ಸರಿಮಾಡುತ್ತಿದ್ದಾಗ ಅವಳು ಪುಟ್ಟಿಯನ್ನು ಪಕ್ಕದ ಮನೆಗೆ ಕಳಿಸಿ ಎದುರಿಗೆ ಬಂದು ಕೂತಳು. ಹೋಮ್‌ಗೂ ಪ್ರೊಗೂ ಏನು ವ್ಯತ್ಯಾಸ ಎಂದು ಕೇಳಿದಳು. ಡಿಸ್ಕಿಗೆ ಬೀಗ ಹಾಕುವುದು, ಆಫೀಸಿನ ನೆಟ್‌ವರ್ಕಿಗೆ ಸೇರಿಸುವುದು ಎಂದು ಅವನು ಏನೇನೋ ಒದರಿದ. ಹೇಳಬೇಕಾದ್ದನ್ನು ನುಂಗಿಕೊಂಡ.

"ಪ್ರೊ ಇದ್ರೆ ನೀವು ಅಂಗಡೀಲೇ ಕೂತು ಸರಿ ಮಾಡ್ಬಹುದಂತೆ. ಪ್ರೆಸ್ಸಿನವ್ರು ಹೇಳಿದ್ರು. ಹೌದಾ?"

ಅವನು ತಲೆ ತಗ್ಗಿಸಿ ಹೌದು ಎಂದ.

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನು ಜಗಳವಾದರೂ ಆಡುತ್ತಿದ್ದ.

"ಪುಟ್ಟಿ ರಜೇಲಿ ಹೇಗೂ ನಿಮ್ಮತ್ರ ಇರ್ತಾಳೆ. ಆದ್ರೆ ನೀವು ಹೀಗೆ ಬಂದು ಹೋದ ದಿನ ಅವಳು ಊಟಾನೇ ಮಾಡಲ್ಲ. ಅಪ್ಪ ವಾಪಸ್ ಬರ್ತಾರೆ ಅಂತ ಬಾಗಿಲಲ್ಲೇ ಕೂತಿರ್ತಾಳೆ. ನಂಗೆ ನೋಡಕ್ಕಾಗ್ತಿಲ್ಲ. ಪ್ರೊ ಹಾಕ್ಬಿಡಿ."

ತನ್ನ ಜಾಣತನದ ಏಟು ಮಗಳಿಗೆ ಬೀಳುತ್ತಿದೆ ಎಂದು ಅವನಿಗೆ ಹೊಳೆದೇ ಇರಲಿಲ್ಲ. ಪ್ರೊ ಹಾಕಿ, ಪುಟ್ಟಿ ಮರಳುವ ಮುಂಚೆಯೇ ಹೊರಟುಬಂದ.

ಮುಂದಿನ ಸಲ ಫಾಂಟ್ ಕೆಟ್ಟಾಗ ಅಂಗಡಿಯಲ್ಲೇ ಕೂತು ಅವಳ ಕಂಪ್ಯೂಟರಿನ ಒಳಹೊಕ್ಕ. ಅವನು ಒಳಗಿರುವಷ್ಟು ಹೊತ್ತು ಆ ಮನೆಯ ಪರದೆಗೆ ಬೀಗ ಬಿದ್ದಿರುತ್ತದೆ. ಎರಡೂ ಕಡೆಯವರು ಒಟ್ಟಿಗೆ ನೋಡುವಂತಿಲ್ಲ. ಅವನ ಕಡೆಯ ಪರದೆಯ ತುಂಬ ಪುಟ್ಟಿಯ ಹೊಸ ಫೋಟೊ ಇತ್ತು. ಮುಂದಿನ ಹಲ್ಲು ಬಿದ್ದ ಬಾಯಲ್ಲಿ ನಗುತ್ತಿದ್ದಳು. ಹಲ್ಲು ಬಿದ್ದದ್ದು ಅವನಿಗೆ ಗೊತ್ತಿರಲಿಲ್ಲ.

ಫಾಂಟ್ ಬೇಗನೆ ಸರಿಹೋಯಿತು. ಅವನು ಮಾತ್ರ ಹೊರಬರಲಿಲ್ಲ. ಮೌಸ್ ಮೇಲೆ ಕೈಯಿಟ್ಟು ಸುಮ್ಮನೆ ನೋಡುತ್ತ ಕೂತ. ಅಷ್ಟರಲ್ಲಿ ಆ ಕಡೆ ಯಾರೋ ಪಾಸ್‌ವರ್ಡ್ ಒತ್ತಿದರು. ಫೋಟೊ ಮಾಯವಾಗಿ, ಬೇರೊಬ್ಬರು ಆ ಕಂಪ್ಯೂಟರನ್ನು ಬಳಸತೊಡಗಿದ್ದರಿಂದ ನಿಮ್ಮ ಸಂಪರ್ಕ ಕಡಿದಿದೆ ಎಂಬ ಸಾಲು ಬಂತು. ಅದರ ಕೆಳಗೆ ಸರಿ ಎಂಬ ಒಂದೇ ಗುಂಡಿ ಇತ್ತು. ಅವನು ಅದನ್ನು ಒತ್ತಿದ.