ಮುಖ ತೊಳೆಯುವ ಕೋಣೆ

ಸೋಮವಾರ ಮಧ್ಯಾಹ್ನ, ಜನ ಟಿಕೆಟ್ ಕೊಂಡು ಹೆದರಲು ಬರುವ ದೆವ್ವದ ಮನೆಯಲ್ಲಿ ಮುಖ ತೊಳೆಯುವ ಕೋಣೆಗೆ ಮ್ಯಾನೇಜರ್ ಬೀಗ ಹಾಕಿಸಿದ. ಎರಡು ನಲ್ಲಿ, ಒಂದು ಕನ್ನಡಿ, ಬಣ್ಣ ಬಿಡಿಸುವ ಎಣ್ಣೆಯ ದೊಡ್ಡ ಬಾಟಲಿ ಒಳಗೇ ಉಳಿದವು. ಬಾಗಿಲಿಗೆ ಒಂದು ಚೀಟಿ ಅಂಟಿತ್ತು: ‘ಇಂದಿನಿಂದ ಕಲಾವಿದರು ಬಣ್ಣದ ಮುಖದಲ್ಲೇ ಮನೆಗೆ ಹೋಗತಕ್ಕದ್ದು. ದಾರಿಯಲ್ಲಿ ಯಾರಾದರೂ ಕೇಳಿದರೆ ನಮ್ಮ ವಿಳಾಸ ಹೇಳತಕ್ಕದ್ದು.’

ಬಾವಿಯಮ್ಮ ಚೀಟಿಯನ್ನು ಎರಡು ಸಲ ಓದಿ, ಬಣ್ಣ ಹಚ್ಚಿಸಿಕೊಳ್ಳುವ ಕುರ್ಚಿಯಲ್ಲಿ ಕುಳಿತಳು.

ಅವಳಿಗೆ ಐವತ್ತೆಂಟು. ಇಪ್ಪತ್ತಾರು ವರ್ಷ ಕಾರ್ಖಾನೆಯಲ್ಲಿ ಅಂಗಿಗಳಿಗೆ ತೋಳು ಹೊಲಿದು, ಕಣ್ಣು ಮಂಜಾದ ಮೇಲೆ ಅಲ್ಲಿ ಬೇಡವಾಗಿ ಇಲ್ಲಿಗೆ ಬಂದವಳು. ಮೂರನೇ ಕೋಣೆಯ ಥರ್ಮೊಕೋಲ್ ಬಾವಿಯೊಳಗಿಂದ ತಲೆ ಎತ್ತುವುದು ಅವಳ ಕೆಲಸ. ಕಿರುಚುವುದಿಲ್ಲ, ಮೈಮೇಲೆ ಎರಗುವುದಿಲ್ಲ. ನಿಧಾನವಾಗಿ ತಲೆ ಎತ್ತಿ, ಬಂದವರಲ್ಲಿ ಒಬ್ಬರನ್ನೇ ನೋಡಿ, “ಊಟ ಆಯ್ತಾ?” ಎಂದು ಕೇಳುತ್ತಾಳೆ. ಗಟ್ಟಿಮುಟ್ಟಾದ ಗಂಡಸರು ಚಪ್ಪಲಿ ಬಿಟ್ಟು ಓಡಿದ್ದಾರೆ.

“ಕಾರ್ಖಾನೇಲಿ ಅಷ್ಟು ವರ್ಷ ಹೆದರಿದ್ದು ನಾನು. ಈಗ ಹೆದರಿಸೋ ಸರದಿ ನಂದು,” ಎನ್ನುತ್ತಿದ್ದಳು. ಇಷ್ಟು ಖುಷಿಯಾಗಿ ಅವಳು ಯಾವ ಕೆಲಸಕ್ಕೂ ಹೋದದ್ದಿಲ್ಲ.

ಅವಳನ್ನು ದೆವ್ವ ಮಾಡುವವಳು ಬಣ್ಣದಕ್ಕ. ಮೊದಲು ಕೆನ್ನೆಗೆ ರಬ್ಬರ್ ಹಾಲು, ಅದರ ಮೇಲೆ ಟಿಶ್ಯೂ ಕಾಗದದ ತುಣುಕು, ಮತ್ತೆ ಹಾಲು, ಮತ್ತೆ ಕಾಗದ. ಒಣಗಿದ ಮೇಲೆ ನಡುವೆ ಸೀಳಿ, ಒಳಗೆ ಕಡುಗೆಂಪು ತುಂಬಿ, ಅಂಚಿಗೆ ಕೊಳೆತ ಹಸಿರು. ಹರಿದ ಸ್ಪಂಜು ಒತ್ತಿ ಹಣೆಯ ತುಂಬ ನೀಲಿ ನರಗಳು. ಕೊನೆಗೆ ಸಕ್ಕರೆ ಪಾಕದ ರಕ್ತ. ಅದರಲ್ಲಿ ಒಂದು ಹನಿಯನ್ನು ಬಾವಿಯಮ್ಮ ನಾಲಗೆ ಚಾಚಿ ನೆಕ್ಕುವುದು, ಬಣ್ಣದಕ್ಕ ಅವಳ ತಲೆಗೆ ಮೊಟಕುವುದು ದಿನದ ರೂಢಿ.

ಬಿಡಿಸುವುದಕ್ಕೂ ಒಂದು ಕಟ್ಟಳೆ ಇತ್ತು. ಹಚ್ಚಿದ ಕೈಯೇ ಬಿಡಿಸಬೇಕು. ಎಣ್ಣೆ ಸವರಿ, ಬೆರಳ ತುದಿಯಿಂದ ಅಂಚು ಎಬ್ಬಿಸಿ, ಗಾಯವನ್ನು ಇಡಿಯಾಗಿ ಸುಲಿದು ಮುಖ ತೊಳೆಯುವ ಕೋಣೆಯ ಬಾಗಿಲ ಚೌಕಟ್ಟಿಗೆ ಅಂಟಿಸುವುದು. ಅಂಟಿಸಿದ ಮೇಲೆ ಅವತ್ತಿನ ದೆವ್ವ ಸತ್ತಂತೆ. ಚೌಕಟ್ಟಿನ ತುಂಬ ಒಣಗಿದ ಗಾಯಗಳಿದ್ದವು. ಈಗ ಅವುಗಳ ನಡುವೆ ಹಿತ್ತಾಳೆಯ ಬೀಗ ತೂಗುತ್ತಿತ್ತು.

ಸಂಜೆ ಆರಕ್ಕೆ ಮ್ಯಾನೇಜರ್ ಗೇಟಿನಲ್ಲಿ ನಿಂತು ಒಂದೊಂದೇ ಮುಖ ಪರೀಕ್ಷಿಸಿ ಹೊರಗೆ ಬಿಟ್ಟ. ಅವನ ಮುಖಕ್ಕೆ ಮಾತ್ರ ಯಾರೂ ಏನೂ ಹಚ್ಚಿರಲಿಲ್ಲ.

ಬಸ್ಸಿನಲ್ಲಿ ಬಾವಿಯಮ್ಮ ಕುಳಿತ ಸಾಲು ಪೂರ್ತಿ ಖಾಲಿಯಾಯಿತು. ಕಂಡಕ್ಟರ್ ದೂರದಿಂದಲೇ, “ಅಜ್ಜೀ, ಟಿಕೆಟ್ ಬದುಕಿರೋರಿಗೆ ಮಾತ್ರ,” ಎಂದ. ಅವಳೂ ನಕ್ಕಳು. ನಗು ತನ್ನ ನಿಲ್ದಾಣದವರೆಗೆ ಉಳಿಯಿತು.

ಅಲ್ಲಿ ಮಗಳು ಕಾಯುತ್ತಿದ್ದಳು. ಮಗಳು ಆಸ್ಪತ್ರೆಯಲ್ಲಿ ಆಯಾ, ಏಳಕ್ಕೆ ಡ್ಯೂಟಿ. ದಿನವೂ ತಾಯಿ ಇಳಿಯುವ ಬಸ್ಸಿಗೇ ಮಗಳು ಹತ್ತುವುದು. ಆ ಒಂದು ನಿಮಿಷದಲ್ಲಿ ಒಂದೂವರೆ ವರ್ಷದ ಪುಟ್ಟಿ ಈ ಸೊಂಟದಿಂದ ಆ ಸೊಂಟಕ್ಕೆ ದಾಟಬೇಕು. ಅವತ್ತು ಪುಟ್ಟಿ ಅಜ್ಜಿಯ ಮುಖ ನೋಡಿದ್ದೇ ತಡ, ಉಸಿರು ಕಟ್ಟಿ ಚೀರಿತು. ಅಮ್ಮನ ಕುತ್ತಿಗೆಯನ್ನು ಉಡದಂತೆ ಹಿಡಿಯಿತು.

“ನಾನೇ ಕಣೇ ಬಂಗಾರ, ಅಜ್ಜಿ!”

ಮಾತಾಡಿದಷ್ಟೂ ಅಳು ಜೋರಾಯಿತು. ದೆವ್ವದ ಬಾಯಲ್ಲಿ ಅಜ್ಜಿಯ ದನಿ ಬಂದರೆ ಯಾವ ಮಗು ತಾನೆ ತಡೆದೀತು? ಬಸ್ಸು ಹೊರಟುಹೋಯಿತು. ಮಗಳು ಮುಂದಿನ ಬಸ್ಸು ಹಿಡಿದು ಅರ್ಧ ಗಂಟೆ ತಡವಾಗಿ ಹೋದಳು. ಇನ್ನೊಮ್ಮೆ ತಡವಾದರೆ ಬರಲೇಬೇಡ ಎಂದಳಂತೆ ಅಲ್ಲಿಯ ಮೇಲಿನವಳು. ಬಾವಿಯಮ್ಮ ಮನೆಯಲ್ಲಿ ಸೋಪು ಹಾಕಿ ಉಜ್ಜಿದಳು. ರಬ್ಬರಿನ ಜತೆ ಚರ್ಮವೂ ಬಂತು. ಪುಟ್ಟಿ ಗೋಡೆಗೆ ಮುಖ ಮಾಡಿ ನಿದ್ದೆ ಹೋಯಿತು.

ಮಂಗಳವಾರ ಬಾವಿಯಮ್ಮ ಮ್ಯಾನೇಜರನ ಮೇಜಿನ ಮುಂದೆ ನಿಂತಳು.

“ನಡೆದಾಡೋ ಪೋಸ್ಟರ್ ಅಮ್ಮಾ ನೀವು,” ಎಂದ ಅವನು. “ಇಡೀ ಬಸ್ಸು ನೋಡುತ್ತೆ.”

“ಪೋಸ್ಟರ್‌ಗೆ ಮೊಮ್ಮಗಳು ಇರಲ್ಲ ಸಾರ್.”

“ಮಕ್ಕಳಿಗೆ ಅಭ್ಯಾಸ ಆಗುತ್ತೆ ಬಿಡಿ.”

“ಅಭ್ಯಾಸ ಆಗೋ ಹೊತ್ತಿಗೆ ನನ್ನ ಮಗಳ ಕೆಲಸ ಹೋಗಿರುತ್ತೆ.”

ಅವನು ಫೋನು ಎತ್ತಿಕೊಂಡ. ಆರು ಗಂಟೆಯವರೆಗೆ ದುಡಿಸಿಕೊಂಡವನು ಆರರ ಮೇಲಿನ ಮುಖವೂ ತನ್ನದೇ ಅಂದುಕೊಂಡಿದ್ದ. ಹೊಸದೇನಲ್ಲ, ಇಂಥವರನ್ನು ಕಾರ್ಖಾನೆಯಲ್ಲೂ ಅವಳು ಕಂಡಿದ್ದಳು.

ಓಡುವ ಬಸ್ಸಿನಲ್ಲಿ ಬಿಡಿಸಿಕೊಳ್ಳೋಣವೆಂದರೆ, ಕಣ್ಣಂಚಿನ ರಬ್ಬರಿನ ಜತೆ ಕಣ್ಣೇ ಕಿತ್ತುಬರುತ್ತದೆ. ಬಣ್ಣದಕ್ಕ ಮನೆಯಿಂದ ಸಣ್ಣ ಸೀಸೆಯಲ್ಲಿ ಎಣ್ಣೆ ತಂದಿದ್ದಳು. ಐದೂ ಮುಕ್ಕಾಲಿಗೆ, ಅವರ ಪಾಳಿಯ ಕೊನೆಯ ಆಟ ಮುಗಿದ ಕೂಡಲೇ, ಕುರ್ಚಿಯನ್ನು ಎತ್ತಿ, ಸಂಜೆಯ ಆಟಕ್ಕೆ ಜನ ಸಾಲುಗಟ್ಟಿದ್ದ ಮುಂದಿನ ಅಂಗಳದ ನಟ್ಟನಡುವೆ ಇಟ್ಟಳು. ಐದನೇ ಕೋಣೆಯಲ್ಲಿ ಕಟುಕನ ವೇಷ ಹಾಕುವ ಕಟುಕಣ್ಣ ರಕ್ತದ ಏಪ್ರನ್ನಿನಲ್ಲೇ ಒಂದು ಬಕೆಟ್ ಬಿಸಿನೀರು ಹೊತ್ತು ತಂದ. ನಾಲ್ಕು ಕೋಣೆಯಾಚೆ ಕೇಳುವಂತೆ ಗರ್ಜಿಸುವ ಅವನು, “ಸುಡುತ್ತೇನೋ ನೋಡ್ಕೊಳ್ಳಕ್ಕಾ,” ಎಂದು ಪಿಸುಗುಟ್ಟಿದ.

ಸಾಲಿನಲ್ಲಿದ್ದವರು ಕತ್ತು ಚಾಚಿ ನೋಡಿದರು. ಕುರ್ಚಿಯಲ್ಲಿ ಕುಳಿತ ಬಾವಿಯಮ್ಮನ ಮುಖಕ್ಕೆ ಎಣ್ಣೆ ಬಿತ್ತು. ನೀಲಿ ನರಗಳು ಕರಗಿ ಗಲ್ಲಕ್ಕೆ ಇಳಿದವು. ಬಣ್ಣದಕ್ಕ ಅಂಚು ಎಬ್ಬಿಸಿ, ಉಸಿರು ಹಿಡಿದು, ಕೆನ್ನೆಯ ಗಾಯವನ್ನು ಇಡಿಯಾಗಿ ಸುಲಿದಳು. ಅಂಟಿಸಲು ಚೌಕಟ್ಟು ಇರಲಿಲ್ಲ. ಟಿಕೆಟ್ ಕಿಟಕಿಯ ಗಾಜಿಗೆ ಅಂಟಿಸಿದಳು.

ಒಬ್ಬ ಹುಡುಗಿ ಕೂಗಿದಳು: “ಅಮ್ಮಾ, ಅದು ಅಜ್ಜಿ! ಬರೀ ಅಜ್ಜಿ!”

ಜನ ಚಪ್ಪಾಳೆ ತಟ್ಟಿದರು. ಅಷ್ಟು ಜನರೆದುರು ತಡೆಯಲಾಗದೆ ಮ್ಯಾನೇಜರ್ ಗೇಟು ಬಿಟ್ಟು ಸರಿದ. ಬಾವಿಯಮ್ಮ ಮುಖ ಒರೆಸಿಕೊಂಡು ಆರೂ ಐದರ ಬಸ್ಸು ಹಿಡಿದಳು. ನಿಲ್ದಾಣದಲ್ಲಿ ಪುಟ್ಟಿ ಅನುಮಾನದಿಂದ ಒಂದು ಬೆರಳು ಚಾಚಿ ಅವಳ ಕೆನ್ನೆ ಮುಟ್ಟಿ ನೋಡಿತು. ಬೆರಳಿಗೆ ಎಣ್ಣೆ ಹತ್ತಿತು. ಆಮೇಲೆ ಎರಡೂ ಕೈ ಚಾಚಿ ಅಜ್ಜಿಯ ಸೊಂಟಕ್ಕೆ ದಾಟಿತು. ಮಗಳು ಬಸ್ಸಿನ ಕಿಟಕಿಯಿಂದ ಕೈ ಬೀಸಿದಳು. ಆ ಸಂಜೆ ಪುಟ್ಟಿ ಅಜ್ಜಿಯ ಮೂಗು ಹಿಡಿದುಕೊಂಡೇ ಮಲಗಿತು.

ಬುಧವಾರ ಮಧ್ಯಾಹ್ನ ಬಣ್ಣದ ಕೋಣೆಗೆ ಮ್ಯಾನೇಜರ್ ತಾನೇ ಬಂದ. ಕೈಯಲ್ಲಿ ಬಾವಿಯಮ್ಮನಿಗೆಂದು ಚಹಾ.

“ನಿನ್ನೆ ಭಲೇ ಐಡಿಯಾ ಮಾಡಿದ್ರಿ ಅಮ್ಮಾ! ಇವತ್ತಿಂದ ದಿನಾ ಆರಕ್ಕೆ ಅದೇ ಶೋ. ವೇದಿಕೆ ಹಾಕಿಸ್ತೀನಿ, ಲೈಟು, ಮ್ಯೂಸಿಕ್ಕು. ಸ್ವಲ್ಪ ನಿಧಾನವಾಗಿ ಬಿಡಿಸಿ, ಅರ್ಧ ಗಂಟೆ ಎಳೀರಿ. ಮೊಮ್ಮಗಳನ್ನೂ ಕರ್ಕೊಂಡು ಬನ್ನಿ. ಕೊನೇಲಿ ಎತ್ಕೊಂಡ್ರೆ ಜನ ಅತ್ತೇಬಿಡ್ತಾರೆ.”

ಕಟುಕಣ್ಣ ಬಾಗಿಲ ಬಳಿ ಬಂದು ನಿಂತ. ಚಹಾ ಮೇಜಿನ ಮೇಲೇ ಉಳಿಯಿತು.

“ಬೀಗ ತೆಗೆಸ್ತೀರಾ ಸಾರ್?” ಎಂದಳು ಬಾವಿಯಮ್ಮ.

“ಬೀಗ ಯಾಕೆ? ನಿಮಗೆ ವೇದಿಕೇನೇ ಕೊಡ್ತಿದೀನಲ್ಲ!”

“ಹೆದರಿಸೋದು ನನ್ನ ಕೆಲಸ. ಅದನ್ನ ಒಂದರಿಂದ ಆರರ ತನಕ ಮನಸಿಟ್ಟು ಮಾಡ್ತೀನಿ. ಮುಖ ತೊಳ್ಕೊಳ್ಳೋದು ಕೆಲಸ ಅಲ್ಲ, ಅದನ್ನ ತೋರಿಸಲ್ಲ. ಮಗೂನಂತೂ ತರೋದೇ ಇಲ್ಲ.”

“ಅದನ್ನೆಲ್ಲ ಆಮೇಲೆ ನೋಡೋಣ. ಒಂದು ಗಂಟೆ ಆಗ್ತಾ ಬಂತು, ಹೊರಗೆ ಜನ ಸೇರಿದಾರೆ. ಕುರ್ಚೀಲಿ ಕೂತು ಬಣ್ಣ ಹಚ್ಚಿಸ್ಕೊಳ್ಳಿ.”

ಬಣ್ಣದಕ್ಕ ಕುಂಚಗಳನ್ನು ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತಿದಳು. ಬಾವಿಯಮ್ಮ ನಿಧಾನವಾಗಿ ತಲೆ ಎತ್ತಿ ಅವನೊಬ್ಬನನ್ನೇ ನೋಡಿದಳು. ಮುಖದ ಮೇಲೆ ಬಣ್ಣದ ಒಂದು ಹನಿಯೂ ಇರಲಿಲ್ಲ. ಅವನು ಅರ್ಧ ಹೆಜ್ಜೆ ಹಿಂದಕ್ಕೆ ಸರಿದ.

“ಕೂರಲ್ಲ ಸಾರ್,” ಎಂದಳು. “ಬೀಗ ತೆಗೀರಿ.”