ಮೂರು ಹಲ್ಲು ಆಚೆ

ಬಡಗಿಗೆ ಜನ ಇಟ್ಟ ಅಡ್ಡಹೆಸರು ಎರಡಳತೆ. ಹಲಗೆಯನ್ನು ಎರಡು ಸಲ ಅಳೆಯದೆ ಗರಗಸ ಮುಟ್ಟುವವನಲ್ಲ ಅಂತ ಒಂದು ಕಾಲದಲ್ಲಿ ಮೆಚ್ಚಿ ಇಟ್ಟ ಹೆಸರು. ಆಮೇಲೆ ಅವನು ತರಕಾರಿಯವನ ತಕ್ಕಡಿ, ದರ್ಜಿಯ ಟೇಪು, ಕಡೆಗೆ ದಂತವೈದ್ಯರು ಕಿತ್ತುಕೊಟ್ಟ ಹಲ್ಲನ್ನೂ ತಿರುಗಿಸಿ ತಿರುಗಿಸಿ ನೋಡತೊಡಗಿದ. ಮೆಚ್ಚುಗೆ ಹೋಯಿತು, ಹೆಸರು ಉಳಿಯಿತು.

ಅವನ ಪರವಾಗಿಯೂ ಒಂದು ಮಾತು ಹೇಳಬೇಕು. ಆರು ವರ್ಷದ ಹಿಂದೆ ಅವನು ಹಳೆಯ ಪಿಕಪ್ ಗಾಡಿಯೊಂದನ್ನು ಕೊಂಡಾಗ, "ಒಂದು ದಿನ ಬಿಡಿ, ತೊಳೆದು ಕೊಡ್ತೀನಿ" ಅಂದ ಮಾರಿದವನು ಆ ಒಂದೇ ದಿನದಲ್ಲಿ ಒಳ್ಳೆಯ ಕಾರ್ಬ್ಯುರೇಟರ್, ಒಳ್ಳೆಯ ಬ್ಯಾಟರಿ ಎರಡನ್ನೂ ಬಿಚ್ಚಿಕೊಂಡು ಸವೆದವುಗಳನ್ನು ಕೂರಿಸಿದ್ದ. ಗಾಡಿ ಮಾತ್ರ ಥಳಥಳ ಹೊಳೆಯುತ್ತಿತ್ತು. ಹಾಲಿನಲ್ಲಿ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನಂತೆ. ನಮ್ಮ ಬಡಗಿ ಅಂದಿನಿಂದ ತಣ್ಣೀರನ್ನೂ ಊದುತ್ತಿದ್ದ.

ಈಗ ಆ ಗಾಡಿಯ ಪೆಟ್ರೋಲ್ ಇಂಜಿನ್ನಿಗೆ ಮುಪ್ಪು ಬಂದಿತ್ತು. ಒಂದು ಬೀರು, ಒಂದು ಮಂಚ ಹೇರಿಕೊಂಡು ಏರು ಹತ್ತುವಾಗ ನಡುದಾರಿಯಲ್ಲಿ ನಿಂತು ನೀಲಿ ಹೊಗೆ ಬಿಡುತ್ತಿತ್ತು. ಬಡಗಿ ಇಳಿದು ಹಿಂದಿನ ಗಾಲಿಗೆ ಕಲ್ಲು ಕೊಡಬೇಕು. ಮಾಡಿದ ಸಾಮಾನು ಮನೆಗೆ ಮುಟ್ಟಿಸಲಾಗದ ಬಡಗಿಯನ್ನು ಯಾರು ಕರೆಯುತ್ತಾರೆ?

"ಈ ಮುದುಕನಿಗೆ ಇನ್ನು ಔಷಧಿ ಕುಡಿಸೋದು ಬೇಡ ಮಾರಾಯ. ಎತ್ತಿ ಆಚೆ ಇಟ್ಟು ಡೀಸೆಲ್ ಇಂಜಿನ್ ಕೂರಿಸೋಣ" ಅಂದರು ಭಾವ.

ಭಾವ ಅಂದರೆ ಅಕ್ಕನ ಗಂಡ, ಮೂವತ್ತು ವರ್ಷದಿಂದ ಮೆಕ್ಯಾನಿಕ್. ಮನೆಯ ಹಿಂದೆಯೇ ತಗಡಿನ ಶೆಡ್ಡು. ಶೆಡ್ಡಿನ ಬಾಗಿಲಿಗೆ ಚಿಲಕವಿತ್ತು, ಪಕ್ಕದ ಮೊಳೆಯಲ್ಲಿ ಒಂದು ಬೀಗವೂ ನೇತಾಡುತ್ತಿತ್ತು. ಮೂವತ್ತು ವರ್ಷದಲ್ಲಿ ಎರಡಕ್ಕೂ ಪರಿಚಯವಾಗಿರಲಿಲ್ಲ. ಊಟಕ್ಕೆ ಹೋಗುವಾಗ ಭಾವ ಬಾಗಿಲನ್ನು ಕಾಲಿನಿಂದ ನೂಕಿ ಹೋಗುತ್ತಿದ್ದರು, ಅಷ್ಟೆ.

ಹಿಂಭಾಗ ನಜ್ಜುಗುಜ್ಜಾಗಿ ಮುಂಭಾಗ ಗಟ್ಟಿಯಾಗಿ ಉಳಿದಿದ್ದ ವ್ಯಾನೊಂದರ ಡೀಸೆಲ್ ಇಂಜಿನ್ ಸಿಕ್ಕಿತು. ಬಡಗಿಯೇ ಎರಡು ಸಲ ಹೋಗಿ ನೋಡಿ ಬಂದ. ಇಂಜಿನ್ ಶೆಡ್ಡಿಗೆ ಬಂತು. ಆದರೆ ಭಾವ ಕೂಡಲೇ ಸ್ಪ್ಯಾನರ್ ಹಿಡಿಯಲಿಲ್ಲ.

"ಮೊದಲು ನನಗೊಂದು ಮರದ ಇಂಜಿನ್ ಮಾಡಿಕೊಡು."

"ಯಾಕೆ ಭಾವ, ಅದಕ್ಕೂ ಡೀಸೆಲ್ ಹಾಕ್ತೀರಾ?"

"ತಲೆಹರಟೆ ಮಾಡಬೇಡ. ಇನ್ನೂರು ಕಿಲೋ ಕಬ್ಬಿಣವನ್ನ ಹತ್ತು ಸಲ ಇಳಿಸಿ ಹತ್ತಿಸಿ ನೋಡೋಕಾಗುತ್ತಾ? ಪ್ಲೈವುಡ್ಡಲ್ಲಿ ಅದೇ ಅಳತೆಗೆ ಮಾಡು. ಎಲ್ಲಿ ತಾಗುತ್ತೆ, ಎಲ್ಲಿ ಕೂರುತ್ತೆ ಅಂತ ಅದೇ ಹೇಳುತ್ತೆ."

ಮರದ ಇಂಜಿನ್ ಆಯಿತು. ಇಬ್ಬರೂ ಅದನ್ನು ಪಿಕಪ್ಪಿನ ಬಾನೆಟ್ಟಿನ ಕೆಳಗೆ ಇಳಿಸಿ ನೋಡಿದರು. ಫ್ಯಾನಿಗೂ ರೇಡಿಯೇಟರಿಗೂ ಎರಡು ಬೆರಳು ಅಂತರ, ಸಾಕು. ಕೆಳಗಿನ ಎಣ್ಣೆ ತೊಟ್ಟಿ ಮಾತ್ರ ಅಡ್ಡಪಟ್ಟಿಗೆ ತಾಗುತ್ತಿತ್ತು. ಇಂಜಿನ್ ಕೂರುವ ಬ್ರಾಕೆಟ್ಟುಗಳನ್ನು ಒಂದೂವರೆ ಇಂಚು ಎತ್ತರಿಸಬೇಕು ಅಂತ ಭಾವ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಆ ಎರಡು ವಾರ ಬಡಗಿ ಸುಖವಾಗಿದ್ದ. ಅಳೆಯುವುದು ಅವನ ಕಸುಬು, ಅಳತೆ ಸುಳ್ಳು ಹೇಳುವುದಿಲ್ಲ.

ಆಮೇಲೆ ಶೆಡ್ಡಿಗೆ ಎರಡನೆಯ ಇಂಜಿನ್ ಬಂತು.

ಅದು ಹಾಲಿನ ವ್ಯಾನಿನವನದು. ಅದೇ ಕಂಪನಿ, ಅದೇ ಮಾದರಿ, ಅವಳಿಜವಳಿಯಂತೆ. ನೀರು ಬತ್ತಿ ಕಾದು ಕೆಟ್ಟಿತ್ತು. ಭಾವ ಅದನ್ನು ಬಡಗಿಯ ಇಂಜಿನ್ನಿನ ಪಕ್ಕದಲ್ಲೇ, ಒಂದೇ ಬೆಂಚಿನ ಮೇಲೆ, ಮೊಣಕೈ ಅಂತರದಲ್ಲಿ ಇಟ್ಟರು. ಒಂದು ಗಟ್ಟಿಮುಟ್ಟು, ಒಂದು ರೋಗಿಷ್ಟ. ಅದರ ನಟ್ಟು ಇದಕ್ಕೂ ಆಗುತ್ತದೆ, ಇದರ ಪಂಪು ಅದಕ್ಕೂ ಆಗುತ್ತದೆ. ಬಡಗಿಯ ತಲೆಯಲ್ಲಿ ಹಳೆಯ ಅನುಮಾನದ ಹುಳ ಹೊರಳಿತು.

ಅವನು ಮರುದಿನ ಹೋದಾಗ ಭಾವನೂ ಹಾಲಿನ ವ್ಯಾನಿನವನೂ ಮೂಲೆಯಲ್ಲಿ ನಿಂತು ಪಿಸುಗುಟ್ಟುತ್ತಿದ್ದರು. ಇವನನ್ನು ಕಂಡದ್ದೇ ಮಾತು ನಿಂತಿತು.

"ಏನ್ ಭಾವ, ವಿಷಯ?"

"ಏನಿಲ್ಲಪ್ಪ. ನೀನು ನಾಳೆ ಬರಬೇಡ, ನಾಡಿದ್ದು ಬಾ."

ಮೂವತ್ತು ವರ್ಷದಲ್ಲಿ ಭಾವ ಅವನಿಗೆ ಬರಬೇಡ ಅಂದದ್ದೇ ಇಲ್ಲ. ಬಡಗಿ ಆ ರಾತ್ರಿ ಎರಡು ತುತ್ತು ಉಂಡು ಎದ್ದ. ಅಮ್ಮ ಹೋದ ಮೇಲೆ ಅವನನ್ನು ಸಾಕಿದವಳು ಅಕ್ಕ. ಅವನ ಮೊದಲ ಉಳಿ ಕೊಡಿಸಿದವರು ಇದೇ ಭಾವ. ಭಾವನ ಮುಖ ನೋಡಿ 'ನನ್ನ ಇಂಜಿನ್ನಿನ ಬಿಡಿಭಾಗ ಬದಲಾಯಿಸುತ್ತೀರಾ' ಅಂತ ಕೇಳುವ ಬಾಯಿ ಯಾವುದು? ಕೇಳಿದರೆ ಸಂಬಂಧ ಹೋಗುತ್ತದೆ, ಕೇಳದಿದ್ದರೆ ಇಂಜಿನ್ ಹೋಗುತ್ತದೆ. ಎರಡರಲ್ಲಿ ಯಾವುದು ಹೋದರೂ ಅವನಿಗೆ ಬದುಕಿರಲಿಲ್ಲ.

ಬರಬೇಡ ಅಂದ ದಿನ ಮಧ್ಯಾಹ್ನ ಬಡಗಿ ಹೋದ. ಶೆಡ್ಡಿನಲ್ಲಿ ಯಾರೂ ಇರಲಿಲ್ಲ, ಬಾಗಿಲು ಎಂದಿನಂತೆ ಓರೆಯಾಗಿತ್ತು. ಸ್ವಂತ ಭಾವನ ಶೆಡ್ಡಿಗೆ ಬೆಕ್ಕಿನ ಹೆಜ್ಜೆ ಇಟ್ಟುಕೊಂಡು ಹೋದ ಮೈದುನ ಇವನೊಬ್ಬನೇ ಇರಬೇಕು.

ತನ್ನ ಇಂಜಿನ್ನಿನ ಮುಂಭಾಗದ ಮುಚ್ಚಳ ಬಿಚ್ಚಿತ್ತು, ಒಳಗಿನ ಬೆಲ್ಟ್ ತೆಗೆದಿತ್ತು. ಮೂರು ಹಲ್ಲುಚಕ್ರಗಳು ಕಾಣುತ್ತಿದ್ದವು. ಮೂರರ ಮೇಲೂ ಒಂದೊಂದು ಬಿಳಿ ಚುಕ್ಕೆ. ಪಕ್ಕದ ಇಂಜಿನ್ ನೋಡಿದ. ಅದರ ಮೇಲೆ ಒಂದೂ ಇಲ್ಲ.

ಸಿಕ್ಕಿತು! ಆರಿಸಿ ಗುರುತು ಹಾಕಿದ್ದಾರೆ. ಈ ಮೂರು ಚಕ್ರ ಆ ಕಡೆ ಹೋಗುತ್ತವೆ, ಆ ಕಡೆಯ ಸವೆದ ಮೂರು ಇಂಥದೇ ಚುಕ್ಕೆ ಹೊತ್ತು ಈ ಕಡೆ ಬರುತ್ತವೆ. ಕಿವಿ ಮೇಲೆ ಹೂವಿಡುವುದೆಂದರೆ ಇದೇ. ಪ್ರತಿ ಚುಕ್ಕೆಗೂ ಎದುರಾಗಿ ಇಂಜಿನ್ನಿನ ಮೈಮೇಲೂ ಒಂದೊಂದು ಬಿಳಿ ಗೆರೆ ಇತ್ತು. ಅದು ಅವನ ಕಣ್ಣಿಗೆ ಬಿತ್ತು, ಬುದ್ಧಿಗೆ ಬೀಳಲಿಲ್ಲ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ.

ಅವನು ಉಪಾಯ ಹೂಡಿದ. ಚುಕ್ಕೆ ಇರಲಿ, ಆದರೆ ತನಗೊಬ್ಬನಿಗೇ ಗೊತ್ತಿರುವ ಜಾಗದಲ್ಲಿರಲಿ. ಚಕ್ರ ಬದಲಾದರೆ ಆ ಗುರುತು ಹಿಡಿದು ಭಾವನ ಮುಂದೆ ನಿಲ್ಲಬಹುದು. ಬೆಂಚಿನ ಮೇಲೆಯೇ ಬಿಳಿ ಬಣ್ಣದ ಸಣ್ಣ ಸೀಸೆ, ಕುಂಚ ಇತ್ತು. ಮೇಲಿನ ದೊಡ್ಡ ಚಕ್ರದ ಚುಕ್ಕೆಯನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಬಲಕ್ಕೆ ಮೂರು ಹಲ್ಲು ಎಣಿಸಿ, ಅಲ್ಲಿ ಅಂಥದೇ ಚುಕ್ಕೆ ಇಟ್ಟ. ಎರಡನೆಯ ಚಕ್ರಕ್ಕೆ ಬಟ್ಟೆ ಒತ್ತುವಷ್ಟರಲ್ಲಿ ಹಿತ್ತಲಲ್ಲಿ ಅಕ್ಕನ ಬಕೆಟ್ ಸದ್ದಾಯಿತು. ಬಡಗಿ ಕಂಬಿ ಕಿತ್ತ.

ಮರುದಿನ ಭಾವ ಹೊಸ ಬೆಲ್ಟ್ ಹಿಡಿದು ಕೂತರು. ಮೇಲಿನ ಚಕ್ರದ ಚುಕ್ಕೆ ಗೆರೆಯಿಂದ ಸರಿದಿರುವುದನ್ನು ಕಂಡು, "ಬೆಲ್ಟ್ ಇಲ್ಲದಿದ್ದರೆ ಇದೊಂದು ಜಾರುತ್ತೆ" ಅಂತ ತಮ್ಮಷ್ಟಕ್ಕೆ ಗೊಣಗಿ, ಚಕ್ರ ತಿರುಗಿಸಿ ಚುಕ್ಕೆಯನ್ನು ಗೆರೆಗೆ ತಂದರು. ಬೆಲ್ಟ್ ಏರಿಸಿ ಬಿಗಿದರು. ಬಡಗಿ ಪಕ್ಕದಲ್ಲಿ ನಿಂತು ಚಕ್ರಗಳನ್ನೇ ನೋಡುತ್ತಿದ್ದ. ಚುಕ್ಕೆ ತಾನಿಟ್ಟ ಹಲ್ಲಿನ ಮೇಲೆಯೇ ಇದೆ. ಬದಲಾಯಿಸಿಲ್ಲ! ಹಾಗಾದರೆ ಇನ್ನೇನು ಬದಲಾಯಿಸಿದ್ದಾರೆ ಅಂತ ಅವನ ಕಣ್ಣು ಪಂಪಿನ ಕಡೆ ಓಡಿತು.

"ನೋಡು ಮೈದುನ, ಡೀಸೆಲ್ ಇಂಜಿನ್ನನ್ನ ಒಂದೇ ಸಲ ಸ್ಟಾರ್ಟ್ ಮಾಡಬಾರದು. ಮೊದಲು ಕೈಯಲ್ಲೇ ಎರಡು ಸುತ್ತು ತಿರುಗಿಸಬೇಕು. ಒಳಗೆ ಎಲ್ಲ ಹೊಂದಿಕೊಂಡಿದೆಯಾ ಅಂತ ಕೈಗೇ ಗೊತ್ತಾಗುತ್ತೆ" ಅಂತ ಭಾವ ಉದ್ದನೆಯ ಸ್ಪ್ಯಾನರ್ ಹಾಕಿ ತಿರುಗಿಸಿದರು.

ಮುಕ್ಕಾಲು ಸುತ್ತಿಗೆ ಠಕ್ ಅಂತ ನಿಂತಿತು.

ಭಾವನ ಮುಖದ ಬಣ್ಣ ಇಳಿಯಿತು. ಬೆಲ್ಟ್ ಬಿಚ್ಚಿದರು, ಚುಕ್ಕೆ ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು, ಬೆಲ್ಟ್ ಹಾಕಿದರು. ಮತ್ತೆ ಠಕ್. ಮೂರನೆಯ ಸಲವೂ ಅಷ್ಟೆ.

"ಒಳಗೆ ವಾಲ್ವು ಪಿಸ್ಟನ್ನಿಗೆ ಬಡೀತಿದೆ ಕಣಯ್ಯ. ಸ್ಟಾರ್ಟ್ ಮಾಡಿದ್ದರೆ ನಿನ್ನ ಇಂಜಿನ್ ಪುಡಿಪುಡಿ." ಅವರು ಸ್ಟೂಲಿನ ಮೇಲೆ ಕುಸಿದು ಕೂತರು. "ಬೆಲ್ಟ್ ತೆಗೆಯೋ ಮುಂಚೆ ಚಕ್ರಗಳು ಎಲ್ಲಿದ್ದವೋ ಅಲ್ಲೇ ವಾಪಸ್ ಕೂರಲಿ ಅಂತ ನಾನೇ ಚುಕ್ಕೆ ಇಟ್ಟಿದ್ದೆ. ಇವುಗಳ ಕಾರ್ಖಾನೆ ಗುರುತು ಸವೆದುಹೋಗಿದೆ, ಅದಕ್ಕೇ. ನಾನೇ ಇಟ್ಟ ಗುರುತು ತಪ್ಪಿದೆ ಅಂದರೆ..."

ಬಡಗಿ ಬಾಯಿ ತೆರೆದ. ಅಷ್ಟರಲ್ಲಿ ಭಾವನೇ ಮುಂದುವರಿಸಿದರು.

"ನಿನಗೆ ಹೇಳಿರಲಿಲ್ಲ, ನಿಮ್ಮಕ್ಕನಿಗೂ ಹೇಳಿಲ್ಲ. ನಿನ್ನೆ ಹಾಲಿನ ವ್ಯಾನಿನವನ ಜೊತೆ ಕಣ್ಣಿನ ಡಾಕ್ಟರ ಹತ್ರ ಹೋಗಿದ್ದೆ. ಎಡಗಣ್ಣಿಗೆ ಪೊರೆ ಬಂದಿದೆಯಂತೆ. ಕೆಲಸಕ್ಕೆ ತೊಂದರೆ ಇಲ್ಲ ಅಂದಿದ್ದರು. ಡಾಕ್ಟರಿಗೇನು ಗೊತ್ತು? ಈ ಶೆಡ್ಡಿನ ಕಾಲ ಮುಗೀತು ಅಂತ ಕಾಣುತ್ತೆ." ಭಾವ ಫೋನ್ ತೆಗೆದು ಗುಂಡಿ ಒತ್ತಿದರು. "ಹಾಲಿನ ವ್ಯಾನಿನವನಿಗೆ ಹೇಳಿಬಿಡ್ತೀನಿ, ಅವನ ಇಂಜಿನ್ ಬೇರೆ ಕಡೆ ಒಯ್ಯಲಿ. ಪರರ ವಸ್ತು ಹಾಳು ಮಾಡೋ ಹಕ್ಕು ನನಗಿಲ್ಲ."

ಫೋನ್ ರಿಂಗಾಗುತ್ತಿತ್ತು. ಬಡಗಿಯ ಕಣ್ಣ ಮುಂದೆ ಬಂದದ್ದು ತನ್ನದೇ ಅಂಗಡಿ. ಬಾಗಿಲ ಚೌಕಟ್ಟು ಬಿಚ್ಚುವಾಗ ಯಾವ ಪಟ್ಟಿಯ ತುದಿ ಯಾವ ತೂತಿಗೆ ಅಂತ ಅವನೂ ಪೆನ್ಸಿಲಿನಲ್ಲಿ ಒಂದು, ಎರಡು ಬರೆದಿಡುತ್ತಿದ್ದ. ಪಾಲಿಶ್ ಮಾಡುವವನು ಒಮ್ಮೆ ಆ ಅಂಕಿಗಳನ್ನು ಉಜ್ಜಿ ಅಳಿಸಿದ್ದಕ್ಕೆ ಎರಡು ದಿನ ಬೈದಿದ್ದ. ಗುರುತು ಅಂದರೆ ಏನು ಅಂತ ಜಗತ್ತಿನಲ್ಲಿ ಯಾರಿಗಾದರೂ ಗೊತ್ತಿರಬೇಕಾಗಿದ್ದರೆ ಅದು ಅವನಿಗೇ. ಅವನಿಗೆ ನಾಚಿಕೆಯಾಯಿತು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ ಅನ್ನುವ ಯೋಚನೆಯೂ ಬಂತು. ಅದು ಬಂದದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

"ಭಾವ, ಫೋನ್ ಇಡಿ. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ಚುಕ್ಕೆ ಸರಿಸಿದ್ದು ನಾನು."

ಅತ್ತ ಕಡೆಯಿಂದ ಹಲೋ, ಹಲೋ ಅನ್ನುವುದು ಕೇಳುತ್ತಿತ್ತು. ಭಾವ ಫೋನ್ ಕಟ್ ಮಾಡಿದರು.

"ಎಷ್ಟು?"

"ಮೂರು ಹಲ್ಲು."

"ಯಾವ ಕಡೆಗೆ?"

"ಬಲಕ್ಕೆ. ಮೇಲಿನದ್ದು ಮಾತ್ರ."

ಭಾವ ಎದ್ದು ಬೆಲ್ಟ್ ಬಿಚ್ಚಿ, ಮೂರು ಹಲ್ಲು ಎಣಿಸಿ, ಚಕ್ರ ತಿರುಗಿಸಿ ಮತ್ತೆ ಬೆಲ್ಟ್ ಹಾಕಿದರು. ಸ್ಪ್ಯಾನರ್ ಹಾಕಿ ಎರಡು ಸುತ್ತು ತಿರುಗಿಸಿದರು. ಇಂಜಿನ್ ಎಣ್ಣೆ ಹಾಕಿದ ಗಾಣದ ಹಾಗೆ ತಿರುಗಿತು. ಆಮೇಲೆಯೇ ಅವರು ಕೈ ಒರೆಸಿಕೊಂಡು ಕೇಳಿದ್ದು.

"ಯಾಕೆ?"

"ಚಕ್ರ ಬದಲಾಯಿಸಿ ಆ ಇಂಜಿನ್ನಿಗೆ ಹಾಕ್ತೀರಿ ಅಂತ... ಅಂದುಕೊಂಡೆ."

"ನಾನು?"

"ಹೂಂ."

ಬಡಗಿ ಬೈಗುಳಕ್ಕೆ ಕಾದ. ತಲೆ ಮೇಲೊಂದು ಮೊಟಕಿದ್ದರೂ ಹಗುರಾಗುತ್ತಿದ್ದ. ಮಾತುಮಾತಿಗೆ ಮೈದುನನ ಕಾಲೆಳೆಯುತ್ತಿದ್ದ ಭಾವ ಅಂದು ಒಂದು ಕುಹಕವನ್ನೂ ಆಡಲಿಲ್ಲ. ಬಿಳಿ ಬಣ್ಣದ ಸೀಸೆಯ ಮುಚ್ಚಳ ತಿರುಪಿ, ಅಂಗಿಯ ಜೇಬಿಗೆ ಹಾಕಿಕೊಂಡರು.

ಹತ್ತು ದಿನದಲ್ಲಿ ಇಂಜಿನ್ ಕೂತಿತು. ಮರದ ಇಂಜಿನ್ ಹೇಳಿದ್ದೆಲ್ಲ ನಿಜವಾಯಿತು, ಎಲ್ಲೂ ತಾಗಲಿಲ್ಲ. ಎರಡು ಬೀರು ಹೇರಿಕೊಂಡು ಪಿಕಪ್ ಏರು ಹತ್ತಿತು, ಗಾಲಿಗೆ ಕಲ್ಲು ಕೇಳಲಿಲ್ಲ. ಭಾವ ಅಕ್ಕನಿಗೆ ಏನೂ ಹೇಳಿದಂತಿರಲಿಲ್ಲ. ಅವಳು ಎಂದಿನಂತೆ ತಮ್ಮ ಸೊರಗಿದ್ದಾನೆಂದು ಗಂಡನನ್ನು ಗದರಿದಳು.

ಮುಂದಿನ ವಾರ ಎಣ್ಣೆ ಬದಲಾಯಿಸಲು ಬಡಗಿ ಶೆಡ್ಡಿಗೆ ಹೋದ. ಕೆಲಸ ಮುಗಿಯುವಾಗ ಅಕ್ಕ ಹಿತ್ತಲಿನಿಂದ ಇಬ್ಬರನ್ನೂ ಊಟಕ್ಕೆ ಕೂಗಿದಳು.

"ನೀವು ನಡೀರಿ ಭಾವ, ನಾನು ಕೈ ತೊಳೆದು ಬರ್ತೀನಿ."

ಭಾವ ಕದಲಲಿಲ್ಲ. "ಕೈ ಮನೇಲಿ ತೊಳಿ. ನೀನು ಮೊದಲು ಹೊರಗೆ ಬಾ" ಅಂದರು. ದನಿಯಲ್ಲಿ ಕೋಪವಿರಲಿಲ್ಲ.

ಬಡಗಿ ಹೊರಗೆ ಬಂದ. ಭಾವ ಬಾಗಿಲು ಎಳೆದು, ಚಿಲಕ ಹಾಕಿ, ಮೊಳೆಯಿಂದ ಬೀಗ ತೆಗೆದರು. ತುಕ್ಕು ಹಿಡಿದಿದ್ದ ಬೀಗಕ್ಕೆ ಯಾವಾಗಲೋ ಎಣ್ಣೆ ಬಿಟ್ಟಿದ್ದರು, ಒಂದೇ ಒತ್ತಿಗೆ ಬಿತ್ತು. ಅವರು ಅದನ್ನು ಎಳೆದು ನೋಡಿದರು. ನಾಲ್ಕು ಹೆಜ್ಜೆ ನಡೆದವರು ತಿರುಗಿ ಹೋಗಿ, ಇನ್ನೊಂದು ಸಲ ಎಳೆದು ನೋಡಿದರು.